ನೂರ ಹನ್ನೆರಡನೇ ಪುಟದ ಗಿಳಿ

ಬಂದರಿನ ಪ್ರೆಸ್ಸಿನಲ್ಲಿ ನನ್ನದು ಕರಡು ತಿದ್ದುವ ಕೆಲಸ,
ಇಪ್ಪತ್ತಾರು ವರ್ಷ.
ಮದುವೆ ಕಾಗದ, ಸೊಸೈಟಿಯ ವಾರ್ಷಿಕ ವರದಿ,
ಉತ್ತರಕ್ರಿಯೆಯ ಕಾರ್ಡು.
ಅದರ ನಡುವೆ ಈ ಸಲ ಒಂದು ಮಕ್ಕಳ ಕಾದಂಬರಿ,
ಉರ್ವದ ಜುಲಿಯಾನಾ ಟೀಚರು ರಿಟೈರಾದ ಮೇಲೆ ಬರೆದದ್ದು.

ಕತೆ ಹಳತೇ:
ಏಳು ಸಮುದ್ರದಾಚೆ ಒಂದು ಮರ, ಮರದಲ್ಲಿ ಪಂಜರ,
ಪಂಜರದಲ್ಲಿ ಗಿಳಿ, ಗಿಳಿಯೊಳಗೆ ರಾಕ್ಷಸನ ಜೀವ.
ಟೀಚರು ಅದನ್ನು ಬಿಚ್ಚಿ ಹೊಲಿದಿದ್ದರು.
ರಾಜಕುಮಾರನಿಲ್ಲ. ಅವನ ಜಾಗದಲ್ಲಿ
ಐಸ್ ಪ್ಲಾಂಟಿನ ವಾಚ್‌ಮನ್ನನ ಮಗಳು ಸುಗಂಧಿ,
ಹತ್ತು ವರ್ಷ, ಮೊಣಕಾಲಿಗೆ ಪಟ್ಟಿ.
ರಾಕ್ಷಸನ ವಾಸ ಮುಚ್ಚಿಹೋದ ಹಂಚಿನ ಕಾರ್ಖಾನೆಯ ಚಿಮಣಿ;
ರಾತ್ರಿ ಇಳಿದು ಬಂದು ಮಕ್ಕಳ ನೆರಳು ತಿನ್ನುತ್ತಾನೆ,
ನೆರಳಿಲ್ಲದ ಮಕ್ಕಳು ಬಿಸಿಲಿಗೆ ಬರಲು ನಾಚುತ್ತಾರೆ.
ಏಳು ಸಮುದ್ರಕ್ಕೆ ಏಳು ದೋಣಿ ಬದಲಿಸಬೇಕು,
ಚಿಲ್ಲರೆ ಇಲ್ಲದಿದ್ದರೆ ಒಂದು ನೆನಪು ಕೊಡಬೇಕು.
ಸುಗಂಧಿ ಮೊದಲ ದೋಣಿಗೆ ಏಳರ ಮಗ್ಗಿ ಕೊಟ್ಟಳು,
ಅದೊಂದು ಹೋದದ್ದು ಒಳ್ಳೆಯದೇ ಆಯಿತು ಅಂದುಕೊಂಡಳು.

ಸಂಜೆಯ ಫೆರಿಯಲ್ಲಿ ಬೆಂಗ್ರೆಗೆ ಹೋಗುತ್ತಾ
ಮಡಿಲಲ್ಲಿ ಕರಡು ಹರಡುತ್ತೇನೆ.
ಹೆಗಲ ಮೇಲಿಂದ ಓದುವವಳು ಮುಫೀದಾ,
ಆರನೇ ಕ್ಲಾಸು, ಟ್ಯೂಶನ್ ಮುಗಿಸಿ ಬರುವವಳು.
ತುಟಿ ಆಡಿಸಿ ಓದುತ್ತಾಳೆ, ಆದರೂ ನನಗಿಂತ ಬೇಗ.
"ಪುಟ ತಿರುಗಿಸಿ ಮಾಮ" ಎನ್ನುತ್ತಾಳೆ,
ನಾನಿನ್ನೂ ಒಂದು ಅಲ್ಪಪ್ರಾಣಕ್ಕೆ ಉಸಿರು ತುಂಬುತ್ತಿರುವಾಗ.

ಹತ್ತು ಸಂಜೆ ಹೀಗೆ.
ನೂರ ಹನ್ನೆರಡನೇ ಪುಟದಲ್ಲಿ,
ಕೆಟ್ಟು ನಿಂತ ಟ್ರಾಲರಿನ ಕ್ಯಾಬಿನ್ನಿನೊಳಗೆ
ಸುಗಂಧಿ ಪಂಜರದ ಬಾಗಿಲು ತೆಗೆದಳು,
ಗಿಳಿಯನ್ನು ಕೊಂದಳು.

ಮುಫೀದಾ ಏನೂ ಹೇಳಲಿಲ್ಲ.
ದೋಣಿ ಕಟ್ಟೆಗೆ ತಾಗುವ ಮೊದಲೇ ಹಾರಿ ಇಳಿದಳು.

ಮರುದಿನ ದೂರ ಕೂತಳು, ಬೂತಾಯಿ ಬುಟ್ಟಿಗಳ ಆಚೆ.
ಮೂರನೇ ದಿನ ಬಂದು,
"ಗಿಳಿ ಎಂತ ಮಾಡಿತ್ತು?"
ನಾನು ತಿದ್ದುವವನು, ಬರೆಯುವವನಲ್ಲ ಎಂದೆ.
"ಹಾಗಾದ್ರೆ ತಿದ್ದಿ."

ಟೀಚರಿಗೆ ಫೋನು ಮಾಡಿದೆ. ಆ ಕಡೆ ಕುಕ್ಕರಿನ ಸೀಟಿ,
ಆಮೇಲೆ ಬಹಳ ಹೊತ್ತು ಏನೂ ಇಲ್ಲ.
"ನಮ್ಮ ಅಜ್ಜಿ ಹೇಳುವಾಗ ಕೊಂದದ್ದೇ," ಎಂದರು.
"ಎಲ್ಲ ಬದಲಿಸಿದೆ ನೋಡಿ, ಊರು, ಹುಡುಗಿ, ಸಮುದ್ರ ಕೂಡ.
ಆ ಒಂದು ಕ್ರಿಯಾಪದ ಕೈ ತನ್ನಷ್ಟಕ್ಕೇ ಬರೆದುಬಿಟ್ಟಿದೆ."

ರಾತ್ರಿ ಕೆಂಪು ಪೆನ್ನು ಹಿಡಿದು ಕೂತೆ.
ದ ಇದ್ದಲ್ಲಿ ಡ ಇಟ್ಟರೆ ಕೊಂಡಳು.
ಒತ್ವವನ್ನೂ ತೆಗೆದರೆ ಕಂಡಳು.
ಇಷ್ಟೇ ದೂರ. ಏಳು ದೋಣಿ ಬೇಕಿಲ್ಲ.
ಇಪ್ಪತ್ತಾರು ವರ್ಷದಲ್ಲಿ ಎಷ್ಟು ಕೊಂದದ್ದನ್ನು
ಕಾಗುಣಿತ ಸರಿಯಿದೆ ಎಂದು ದಾಟಿಸಿದ್ದೇನೋ.

"ಕೊಂಡಳು ಬೇಡ, ದುಡ್ಡು ರಾಕ್ಷಸನಿಗೇ ಹೋಗ್ತದೆ.
ಬರೀ ಕಂಡರೆ ಸಾಕಾ? ಅವನು ನೆರಳು ತಿನ್ನೋದು ನಿಲ್ಬೇಕಲ್ಲ.
ಗಿಳಿಯನ್ನು ಸುಗಂಧಿ ಮನೆಗೆ ತಂದು ಸಾಕಲಿ.
ಅವನು ದಿನಾ ಸಂಜೆ ಕಿಟಕಿಗೆ ಬಂದು
ಗಿಳಿ ಊಟ ಮಾಡಿತಾ, ಜ್ವರ ಉಂಟಾ ಅಂತ ಕೇಳ್ಬೇಕು.
ಮತ್ತೆ ಒಂದೊಂದೇ ನೆರಳು ವಾಪಸ್ ಕೊಡ್ಬೇಕು.
ಯಾರದ್ದು ಯಾರಿಗೆ ಅಂತ ಅವನಿಗೇ ಗೊತ್ತಿರೋದಿಲ್ಲ,
ಅದು ಮುಂದಿನ ಪುಸ್ತಕ."

ಟೀಚರು ಮೂರು ಅಧ್ಯಾಯ ಹೊಸದಾಗಿ ಬರೆದರು.
ಪುಟ ಹೆಚ್ಚಿತು; ಶೆಣೈಯವರು ಕಾಗದದ ರೇಟು ಹೇಳಿ
ನನ್ನನ್ನೇ ಬೈದರು,
ಕರಡು ತಿದ್ದುವವನಿಗೆ ಕತೆಯ ಉಸಾಬರಿ ಯಾಕೆಂದು.

ನಿನ್ನೆ ಮೊದಲ ಪ್ರತಿ ಬಂತು, ಬೆನ್ನಿನ ಅಂಟು ಇನ್ನೂ ಹಸಿ.
ಎಂಜಿನ್ನಿನ ಗಡಗಡದಲ್ಲಿ ಮುಫೀದಾ ಓದಿದಳು.
ಅಳಿವೆಯ ಕಡೆ ಕೆಂಪು ಬೆಳಕು,
ನಮ್ಮ ನೆರಳು ಬುಟ್ಟಿಗಳ ಮೇಲೆ ಹತ್ತಿ ಇಳಿದು
ನೀರಿನ ತನಕ.
ಅವಳು ತನ್ನದನ್ನೊಮ್ಮೆ ತಿರುಗಿ ನೋಡಿಕೊಂಡಳು, ಇದೆಯಾ ಎಂದು.
ಆಮೇಲೆ ಬೆರಳಿಟ್ಟು ತೋರಿಸಿದಳು,
ನೂರ ಮೂವತ್ತೊಂದನೇ ಪುಟ, ಮೇಲಿಂದ ನಾಲ್ಕನೇ ಸಾಲು:
"ರಾಕ್ಶಸ" ಅಂತ ಉಂಟು.
ಇದನ್ನು ನೀವು ನೋಡ್ಲೇ ಇಲ್ಲ, ಮಾಮ.